ಮಧ್ಯದ ವಲಯ



ಕಳೆದ ವರ್ಷ ನಾನು ಏನನ್ನೂ ಹೆಚ್ಚಾಗಿ ಬರೆಯಲಿಲ್ಲ. ಹಲವರು ದೂರವಾಣಿಯಲ್ಲಿ ವಿಚಾರಿಸಿದಿರಿ. "ಸ್ವಲ್ಪ ಆರೋಗ್ಯದ ಕಾರಣ" ಎಂದಷ್ಟೇ ಹೇಳಿ ಮಾತು ಬದಲಿಸಿದ್ದೆ. ಆ ಕಾರಣವೇನೆಂಬುದನ್ನು ಈಗ ಹೇಳುತ್ತೇನೆ. ಅದರ ಹಿಂದೆ ಒಂದಿಷ್ಟು ಇತಿಹಾಸವಿದೆ. ನಮ್ಮ ಕುಟುಂಬಕ್ಕೆ ನಾನು ಹೇಳಲೇಬೇಕಾಗಿದ್ದ ಒಂದು ಮಾತೂ ಇದೆ.

ನಿವೃತ್ತನಾದ ಮೇಲೆ ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ನನ್ನ ರೂಢಿ. ಕಳೆದ ವರ್ಷ ಹೊಟ್ಟೆಯ ಸ್ಕ್ಯಾನಿಂಗ್ ಕೂಡ ಆಯಿತು. ವರದಿಯಲ್ಲಿ "ಫ್ಯಾಟಿ ಲಿವರ್, ಗ್ರೇಡ್ 2" ಎಂದಿತ್ತು. ರಕ್ತದ ವರದಿಯ ಕೊನೆಯಲ್ಲಿ "ಫಿಬ್-4" ಎಂಬ ಲೆಕ್ಕವಿದ್ದು, ಅದರ ಮುಂದೆ 1.84 ಎಂದೂ, ಪಕ್ಕದಲ್ಲಿ "ಅನಿಶ್ಚಿತ ವಲಯ" ಎಂಬರ್ಥದ ಒಂದು ಇಂಗ್ಲಿಷ್ ಪದವೂ ಅಚ್ಚಾಗಿದ್ದವು. ಮೂವತ್ತಕ್ಕೂ ಹೆಚ್ಚು ವರ್ಷ ಉತ್ತರಪತ್ರಿಕೆಗಳಲ್ಲಿ ಸರಿ ಅಥವಾ ತಪ್ಪು ಎಂದು ಗುರುತು ಹಾಕುತ್ತ ಬಂದ ನನಗೆ ಆ ಪದ ವಿಚಿತ್ರವಾಗಿ ಕಂಡಿತು. ಉತ್ತೀರ್ಣನೂ ಅಲ್ಲ, ಅನುತ್ತೀರ್ಣನೂ ಅಲ್ಲ. ಹಾಗಾದರೆ ನಾನು ಏನು?

ಅಂದು ರಾತ್ರಿ ನಿದ್ರೆ ಬರಲಿಲ್ಲ. ಕಾಯಿಲೆಯ ಹೆದರಿಕೆಗಿಂತ ಹೆಚ್ಚಾಗಿ, 1994ರಲ್ಲಿ ತೀರಿಹೋದ ನಮ್ಮ ದೊಡ್ಡಣ್ಣನ ಮುಖ ಕಣ್ಣೆದುರು ನಿಂತಿತ್ತು.

ಅಣ್ಣನ ವಿಷಯಕ್ಕೆ ಬರುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ನಾನು ಇತಿಹಾಸದ ಮೇಷ್ಟ್ರು. ಹಿಂದಕ್ಕೆ ಹೋಗದೆ ಮುಂದಿನದನ್ನು ಹೇಳಲು ನನಗೆ ಬರುವುದಿಲ್ಲ.

ಯಕೃತ್ತನ್ನು ನೋಡಿ ಮುಂದಾಗುವುದನ್ನು ತಿಳಿಯುವ ಪ್ರಯತ್ನ ಬಹಳ ಹಳೆಯದು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಜೇಡಿಮಣ್ಣಿನಿಂದ ಮಾಡಿದ ಕುರಿಯ ಯಕೃತ್ತಿನ ಒಂದು ಪ್ರತಿಕೃತಿ ಇದೆ. ಅದು ಬ್ಯಾಬಿಲೋನಿಯದ್ದು, ಕ್ರಿ.ಪೂ. 1900ರಿಂದ 1600ರ ನಡುವಿನ ಕಾಲದ್ದು. ಅದರ ಮೇಲೆ ಚೌಕಗಳನ್ನು ಗೀರಿ, ಪ್ರತಿಯೊಂದು ಚೌಕದಲ್ಲೂ ಯಾವ ಚಿಹ್ನೆ ಕಂಡರೆ ಏನು ಫಲವೆಂದು ಬರೆದಿದ್ದಾರೆ. ಇದನ್ನು ಶಿಷ್ಯರಿಗೆ ಪಾಠ ಹೇಳಲು ಬಳಸಿರಬೇಕೆಂದು ವಿದ್ವಾಂಸರ ಊಹೆ. ಅಲ್ಲಿನ ಅರಸರು ಯುದ್ಧಕ್ಕೆ ಹೊರಡುವ ಮೊದಲು ಕುರಿಯನ್ನು ಬಲಿಕೊಟ್ಟು ಅದರ ಯಕೃತ್ತನ್ನು ಓದಿಸುತ್ತಿದ್ದರು. ನನ್ನ ಮನಸ್ಸಿಗೆ ಹಿಡಿಸಿದ ಸಂಗತಿಯೆಂದರೆ, ಅವರಲ್ಲಿಯೂ ಒಂದೇ ಕುರಿಯ ಮಾತನ್ನು ಕಡೆಯ ಮಾತೆಂದು ನಂಬುವ ಪದ್ಧತಿ ಇರಲಿಲ್ಲ. ಫಲ ಸ್ಪಷ್ಟವಾಗದಿದ್ದರೆ ಇನ್ನೊಂದು ಕುರಿಯನ್ನು ತಂದು ಮತ್ತೊಮ್ಮೆ ನೋಡುತ್ತಿದ್ದರು. ಶಕುನದ ವಿದ್ಯೆಯನ್ನು ನಾವು ಒಪ್ಪಬೇಕಿಲ್ಲ. ಆದರೆ ಸಂಶಯ ಬಂದಾಗ ಎರಡನೆಯ ಸಾಕ್ಷಿಯನ್ನು ಕೇಳುವ ವಿವೇಕ ಅವರಿಗಿತ್ತು.

ನಮ್ಮ ದೇಶದಲ್ಲಿ ಚರಕಸಂಹಿತೆಯು ರಕ್ತವನ್ನು ಒಯ್ಯುವ ಸ್ರೋತಸ್ಸುಗಳಿಗೆ ಯಕೃತ್ತೂ ಪ್ಲೀಹವೂ ಮೂಲವೆಂದು ಹೇಳುತ್ತದೆ. ಹೊಟ್ಟೆಯ ಬಲಭಾಗದಲ್ಲಿ ಸದ್ದಿಲ್ಲದೆ ದುಡಿಯುವ, ಸುಮಾರು ಒಂದೂವರೆ ಕಿಲೋ ತೂಕದ ಈ ಅಂಗಕ್ಕೆ ನಮ್ಮ ಹಿರಿಯರೂ ದೊಡ್ಡ ಸ್ಥಾನವನ್ನೇ ಕೊಟ್ಟಿದ್ದರು.

ಆಧುನಿಕ ವೈದ್ಯಶಾಸ್ತ್ರದ ಕಥೆ ಹತ್ತೊಂಬತ್ತನೆಯ ಶತಮಾನದಿಂದ ಆರಂಭವಾಗುತ್ತದೆ. ಸ್ಟೆತಸ್ಕೋಪನ್ನು ಕಂಡುಹಿಡಿದ ಫ್ರಾನ್ಸಿನ ಲೆನೆಕ್ 1819ರಲ್ಲಿ ಗಟ್ಟಿಯಾಗಿ ಗಂಟುಗಂಟಾದ ಯಕೃತ್ತಿಗೆ "ಸಿರೋಸಿಸ್" ಎಂಬ ಹೆಸರಿಟ್ಟನು. ಆ ಪದದ ಮೂಲ ಗ್ರೀಕ್ ಭಾಷೆಯದು. ಹಳದಿ ಮಿಶ್ರಿತ ಕಂದು ಬಣ್ಣವೆಂದು ಅದರ ಅರ್ಥ. 1836ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಅಡಿಸನ್ ಯಕೃತ್ತಿನಲ್ಲಿ ಕೊಬ್ಬು ತುಂಬುವುದನ್ನು ವಿವರಿಸಿ, ಮದ್ಯಪಾನದೊಂದಿಗೆ ಅದಕ್ಕಿರುವ ನಂಟನ್ನು ಗುರುತಿಸಿದನು. ಅವನ ಮಾತು ಸುಳ್ಳಲ್ಲ. ಮದ್ಯದಿಂದ ಯಕೃತ್ತು ಕೆಡುವುದು ಇಂದಿಗೂ ಸತ್ಯವೇ. ಆದರೆ ಮುಂದಿನ ನೂರೈವತ್ತು ವರ್ಷಗಳಲ್ಲಿ ಆ ಒಂದು ಸತ್ಯವು ಎಲ್ಲ ಸತ್ಯವೂ ತಾನೇ ಎಂಬಂತೆ ಬೆಳೆದುಬಿಟ್ಟಿತು. ಯಕೃತ್ತು ಕೆಟ್ಟಿತೆಂದರೆ ಆತ ಕುಡುಕನೇ ಸರಿ ಎಂಬ ಭಾವನೆ ವೈದ್ಯರಲ್ಲೂ ಜನರಲ್ಲೂ ಬೇರೂರಿತು.

ಈಗ ಅಣ್ಣನ ಮಾತು.

ನಮ್ಮ ದೊಡ್ಡಣ್ಣ ಸಹಕಾರಿ ಸಂಘವೊಂದರಲ್ಲಿ ಗುಮಾಸ್ತನಾಗಿದ್ದನೆಂಬುದು ಬಂಧುಗಳಿಗೆಲ್ಲ ತಿಳಿದಿದೆ. ಸ್ಥೂಲ ಶರೀರ, ನಲವತ್ತಕ್ಕೇ ಬಂದ ಸಕ್ಕರೆ ಕಾಯಿಲೆ, ದಿನವಿಡೀ ಕುಳಿತು ಲೆಕ್ಕ ಬರೆಯುವ ಉದ್ಯೋಗ. ಹಬ್ಬದ ದಿನ ಹೋಳಿಗೆಯ ಮೇಲಿನ ತುಪ್ಪವನ್ನು ಬಿಟ್ಟರೆ ಬೇರೆ ಚಟವನ್ನೇ ಅರಿಯದವನು. ಐವತ್ತೆರಡನೆಯ ವಯಸ್ಸಿನಲ್ಲಿ ಅವನ ಹೊಟ್ಟೆಯಲ್ಲಿ ನೀರು ತುಂಬಿತು, ಕಾಲುಗಳು ಊದಿಕೊಂಡವು. ಆಸ್ಪತ್ರೆಗೆ ಕರೆದೊಯ್ದಾಗ ವೈದ್ಯರು ಕೇಳಿದ ಮೊದಲ ಪ್ರಶ್ನೆ, "ಎಷ್ಟು ವರ್ಷದಿಂದ ಕುಡಿಯುತ್ತಿದ್ದೀರಿ?" ಎಂಬುದಾಗಿತ್ತು. ಇಲ್ಲವೆಂದು ಅಣ್ಣ ತಲೆಯಾಡಿಸಿದ. ವೈದ್ಯರು ನನ್ನ ಕಡೆ ತಿರುಗಿ ಅದನ್ನೇ ಕೇಳಿದರು. ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಹೋದರು.

ಮಾತು ಊರಿಗೆ ಹಬ್ಬಲು ಎರಡು ದಿನವೂ ಬೇಕಾಗಲಿಲ್ಲ. "ಮೇಲೆ ನೋಡಿದರೆ ಸಂಭಾವಿತ, ಒಳಗೆ ಇದೆಲ್ಲ ಇತ್ತು ನೋಡಿ" ಎಂದು ಜನ ಆಡಿಕೊಂಡರು. ಅವನು ಆರು ತಿಂಗಳೊಳಗೆ ತೀರಿಕೊಂಡ. ಶ್ರಾದ್ಧದ ಮನೆಯಲ್ಲಿಯೂ ಆ ಪಿಸುಮಾತು ನಿಂತಿರಲಿಲ್ಲ. ಅವನ ಮಗಳ ಮದುವೆಯ ಮಾತುಕತೆಯಲ್ಲಿ ಒಂದು ಸಂಬಂಧ ಅದೇ ಕಾರಣಕ್ಕೆ ಮುರಿಯಿತೆಂಬುದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು.

ಇಷ್ಟು ವರ್ಷ ನಾನು ಯಾರಿಗೂ ಹೇಳದ ಮಾತು ಇದು. ಅಣ್ಣ ಆಸ್ಪತ್ರೆಯಲ್ಲಿದ್ದಾಗ, ಬಟ್ಟೆ ತರುವ ನೆವದಲ್ಲಿ ಅವನ ಮನೆಗೆ ಹೋಗಿ, ಅವನ ಬೀರುವನ್ನು ನಾನೇ ತಡಕಿದ್ದೆ. ಬಾಟಲಿ ಸಿಗಬಹುದೇ ಎಂದು ಹುಡುಕಿದ್ದೆ. ಸಿಕ್ಕಿದ್ದು ಸಕ್ಕರೆ ಕಾಯಿಲೆಯ ಮಾತ್ರೆಗಳು, ಸಂಘದ ಹಳೆಯ ರಸೀದಿ ಪುಸ್ತಕಗಳು, ಮಕ್ಕಳಿಗೆಂದು ತೆಗೆದಿಟ್ಟಿದ್ದ ಕಡಲೆಮಿಠಾಯಿಯ ಒಂದು ಪೊಟ್ಟಣ. ನನ್ನನ್ನು ಓದಿಸಿ ಬಿ.ಎಡ್. ಮಾಡಿಸಿದ ಅಣ್ಣನನ್ನು ನಾನೂ ನಂಬಿರಲಿಲ್ಲ.

ಆಗ ನನಗೆ ಗೊತ್ತಿರದಿದ್ದ ಸಂಗತಿಯೊಂದಿತ್ತು. ಅದಕ್ಕೂ ಹದಿನಾಲ್ಕು ವರ್ಷ ಮೊದಲೇ, 1980ರಲ್ಲಿ, ಅಮೆರಿಕದ ಮೇಯೊ ಕ್ಲಿನಿಕ್‌ನ ಯುರ್ಗೆನ್ ಲುಡ್ವಿಗ್ ಮತ್ತು ಸಂಗಡಿಗರು ಇಪ್ಪತ್ತು ರೋಗಿಗಳ ವಿವರವನ್ನು ಪ್ರಕಟಿಸಿದ್ದರು. ಅವರ ಯಕೃತ್ತಿನ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮದ್ಯವ್ಯಸನಿಗಳ ಯಕೃತ್ತಿನಂತೆಯೇ ಕಾಣುತ್ತಿದ್ದವು. ಆದರೆ ಅವರ ಕಾಯಿಲೆಗೆ ಮದ್ಯ ಕಾರಣವಾಗಿರಲಿಲ್ಲ. ಅವರಲ್ಲಿ ಹೆಚ್ಚಿನವರು ಸ್ಥೂಲಕಾಯರು. ಹಲವರಿಗೆ ಸಕ್ಕರೆ ಕಾಯಿಲೆಯಿತ್ತು. ಗಂಡಸರಿಗಿಂತ ಹೆಂಗಸರೇ ಹೆಚ್ಚಿದ್ದರು. ಮೂವರಲ್ಲಿ ಸಿರೋಸಿಸ್ ಆಗಲೇ ಬಂದಿತ್ತು. ಅಲ್ಲಿಯವರೆಗೆ ಹೆಸರೇ ಇಲ್ಲದಿದ್ದ ಈ ಕಾಯಿಲೆಗೆ ಅವರು ಮದ್ಯಪಾನರಹಿತ ಎಂಬ ವಿಶೇಷಣವುಳ್ಳ ಒಂದು ಹೆಸರನ್ನು ಕೊಟ್ಟರು. ಹೆಸರು ಬಂದ ಮೇಲೆ, ಇಂತಹ ರೋಗಿಗಳನ್ನು ನಿಷ್ಕಾರಣವಾಗಿ ಶಂಕಿಸುವುದಕ್ಕೆ ಒಂದು ತಡೆ ಬಂತು. ಆದರೆ ಆ ತಿಳಿವಳಿಕೆ ನಮ್ಮ ತಾಲ್ಲೂಕಿನ ಆಸ್ಪತ್ರೆಗೆ 1994ರ ಹೊತ್ತಿಗೂ ತಲುಪಿರಲಿಲ್ಲ.

ಅಣ್ಣನಿಗೆ ಇದ್ದದ್ದು ಇದೇ ಕಾಯಿಲೆ ಎಂದು ನಾನು ಈಗ ತೀರ್ಪು ಕೊಡಲಾರೆ. ಯಕೃತ್ತು ಕೆಡಲು ವೈರಾಣುಗಳೂ ಕಾರಣವಾಗುತ್ತವೆ. ಅವನಿಗೆ ಬಯಾಪ್ಸಿಯಾಗಲಿ ಬೇರೆ ಪರೀಕ್ಷೆಗಳಾಗಲಿ ಆಗಲಿಲ್ಲ. ಆದರೆ ಊರು ಕೊಟ್ಟ ತೀರ್ಪಿಗೆ ಯಾವ ಸಾಕ್ಷಿಯೂ ಇರಲಿಲ್ಲವೆಂಬುದು ನಿಶ್ಚಯ. ಅವನದೂ ಒಂದು ಮಧ್ಯದ ವಲಯವಾಗಿತ್ತು. ನಾವು ಅದನ್ನು ಅಲ್ಲಿಯೇ ಇರಲು ಬಿಡಲಿಲ್ಲ.

ಈ ಹಿನ್ನೆಲೆಯಲ್ಲಿಯೇ ನನ್ನ ವರದಿಯ "ಅನಿಶ್ಚಿತ" ಎಂಬ ಪದ ಎಲ್ಲಿಂದ ಬಂತೆಂದು ತಿಳಿಯಬೇಕೆನಿಸಿತು. ಓದುತ್ತ ಹೋದಂತೆ, ಯಕೃತ್ತನ್ನು ಅಳೆಯುವ ಮೊಳಕೋಲುಗಳೇ ಒಂದೊಂದು ಕಾಲದಲ್ಲಿ ಒಂದೊಂದು ಉದ್ದೇಶಕ್ಕೆ ಹುಟ್ಟಿದವೆಂದು ತಿಳಿಯಿತು.

ಎಲ್ಲಕ್ಕಿಂತ ನಿಖರವೆನಿಸಿದ್ದು ಬಯಾಪ್ಸಿ, ಅಂದರೆ ಸೂಜಿಯಿಂದ ಯಕೃತ್ತಿನ ಚೂರನ್ನು ತೆಗೆದು ನೋಡುವ ವಿಧಾನ. ಜರ್ಮನಿಯ ಪಾಲ್ ಎರ್ಲಿಕ್ 1883ರಲ್ಲಿಯೇ ಇದನ್ನು ಪ್ರಯತ್ನಿಸಿದ್ದ. 1939ರಲ್ಲಿ ಕೋಪನ್‌ಹೇಗನ್ನಿನ ವೈದ್ಯರು ಅದಕ್ಕೆ ಒಂದು ಕ್ರಮವನ್ನು ತಂದರು. 1958ರಲ್ಲಿ ಇಟಲಿಯ ಮೆಂಗಿನಿ, ಸೂಜಿಯು ಯಕೃತ್ತಿನೊಳಗೆ ಒಂದು ಸೆಕೆಂಡಿನಷ್ಟು ಮಾತ್ರ ಇರುವ ವಿಧಾನವನ್ನು ಪ್ರಕಟಿಸಿದ ಮೇಲೆ ಅದು ಎಲ್ಲೆಡೆ ಬಳಕೆಗೆ ಬಂತು. ಆದರೆ ಸೂಜಿಗೆ ಸಿಗುವುದು ಇಡೀ ಯಕೃತ್ತಿನ ಸುಮಾರು ಐವತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ. ಅನ್ನ ಬೆಂದಿದೆಯೇ ಎಂದು ಒಂದು ಅಗುಳನ್ನು ಹಿಸುಕಿ ನೋಡಿದಂತೆ. ಅಗುಳಿನ ನ್ಯಾಯ ಅನ್ನಕ್ಕೆ ಸರಿ. ಯಕೃತ್ತಿಗೆ ಅಷ್ಟು ಸರಿಹೊಂದದು. ಪ್ಯಾರಿಸ್ಸಿನ ವೈದ್ಯರು 51 ರೋಗಿಗಳಿಂದ ತಲಾ ಎರಡೆರಡು ಚೂರುಗಳನ್ನು ತೆಗೆದು ಹೋಲಿಸಿ 2005ರಲ್ಲಿ ಪ್ರಕಟಿಸಿದರು. ಶೇಕಡಾ 41ರಷ್ಟು ರೋಗಿಗಳಲ್ಲಿ ನಾರುಗಟ್ಟುವಿಕೆಯ ಹಂತ ಎರಡು ಚೂರುಗಳಲ್ಲಿ ಬೇರೆಬೇರೆಯಾಗಿತ್ತು. ಒಂದೇ ದಿನ, ಒಂದೇ ಯಕೃತ್ತು, ಎರಡು ಉತ್ತರ!

ಇಲ್ಲಿ ಒಂದು ವಿವರಣೆ ಅಗತ್ಯ. ಯಕೃತ್ತಿನಲ್ಲಿ ಕೊಬ್ಬು ಸೇರುವುದು ಒಂದು ಸಂಗತಿ; ಅದರಿಂದ ಉರಿಯೂತವಾಗಿ, ಗಾಯ ಮಾಗಿದ ಕಲೆಯಂತೆ ನಾರು ಬೆಳೆಯುವುದು ಇನ್ನೊಂದು ಸಂಗತಿ. ಕೊಬ್ಬಿರುವ ಬಹುತೇಕ ಜನರಲ್ಲಿ ನಾರು ಅಪಾಯದ ಮಟ್ಟಕ್ಕೆ ಬೆಳೆಯುವುದಿಲ್ಲ. ವೈದ್ಯರಿಗೆ ಮುಖ್ಯವಾಗಿ ತಿಳಿಯಬೇಕಾದದ್ದು ನಾರಿನ ಮಟ್ಟ. ಸಾಮಾನ್ಯ ಸ್ಕ್ಯಾನಿಂಗ್ ಯಂತ್ರವು ಕೊಬ್ಬನ್ನು ಬಿಳುಪಾಗಿ ತೋರಿಸುತ್ತದೆ. ಕೊಬ್ಬು ಕಡಿಮೆಯಿದ್ದರೆ ಅದೂ ತಪ್ಪಿಹೋಗಬಹುದು. ನಾರಿನ ಮಟ್ಟವನ್ನಂತೂ ಗ್ರೇಡ್ 1, 2, 3 ಎಂಬ ಅಂಕಿಗಳು ಹೇಳುವುದಿಲ್ಲ. ನನ್ನ ಗ್ರೇಡ್ 2 ಎಂಬುದನ್ನು ನಾನು ಎರಡನೆಯ ದರ್ಜೆಯ ಸಿರೋಸಿಸ್ ಎಂದೇ ತಿಳಿದು ನಾಲ್ಕು ದಿನ ಊಟ ಬಿಟ್ಟಿದ್ದೆ!

ರಕ್ತಪರೀಕ್ಷೆಯ ಎಸ್‌ಜಿಒಟಿ ಕೂಡ ಹೀಗೆಯೇ. 1954-55ರಲ್ಲಿ ನ್ಯೂಯಾರ್ಕಿನ ವೈದ್ಯರು ಅದನ್ನು ರಕ್ತದಲ್ಲಿ ಅಳೆದು ತೋರಿಸಿದಾಗ ಅವರ ಕಣ್ಣಿದ್ದದ್ದು ಹೃದಯಾಘಾತದ ಮೇಲೆ. ಯಕೃತ್ತಿನ ಕಾಯಿಲೆಗೆ ಅದು ಮತ್ತು ಅದರ ಜೊತೆಗಾರ ಎಸ್‌ಜಿಪಿಟಿ ಬಳಕೆಯಾದದ್ದು ಅನಂತರ. ಎಸ್‌ಜಿಪಿಟಿ 40ರ ಒಳಗಿದ್ದರೆ ಸರಿ ಎಂದು ಬಹುಕಾಲ ನಂಬಿದ್ದರು. 2002ರಲ್ಲಿ ಇಟಲಿಯ ಸಂಶೋಧಕರು, ಆರೋಗ್ಯವಂತ ಗಂಡಸರಿಗೆ 30, ಹೆಂಗಸರಿಗೆ 19 ಎಂಬ ಮಿತಿಯೇ ಸೂಕ್ತವೆಂದು ಸೂಚಿಸಿದರು. ಗಡಿಯನ್ನು ಎಳೆಯುವವರು ಮನುಷ್ಯರೇ. ಅದನ್ನು ಆಗಾಗ ಸರಿಸುವವರೂ ಅವರೇ.

ಇನ್ನು ನನ್ನನ್ನು ಕಾಡಿದ ಫಿಬ್-4. ಇದು 2006ರಲ್ಲಿ ಪ್ರಕಟವಾದ ಲೆಕ್ಕ. ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ಎರಡೂ ಇದ್ದ ರೋಗಿಗಳಿಗಾಗಿ ಅದನ್ನು ರೂಪಿಸಿದ್ದರು. ಕೊಬ್ಬಿನ ಯಕೃತ್ತಿಗೆ ಅನ್ವಯಿಸಿದ್ದು ಆಮೇಲೆ. ಸೂತ್ರ ಸುಲಭವಾಗಿದೆ, ಹತ್ತನೆಯ ತರಗತಿಯ ಮಕ್ಕಳೂ ಮಾಡಬಹುದು. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಬೇಕು. ಪ್ಲೇಟ್‌ಲೆಟ್ ಸಂಖ್ಯೆಯನ್ನು ಸಾವಿರದ ಲೆಕ್ಕದಲ್ಲಿ ತೆಗೆದುಕೊಂಡು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಬೇಕು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಬೇಕು. ನನ್ನ ವಯಸ್ಸು 66, ಎಸ್‌ಜಿಒಟಿ 38, ಎಸ್‌ಜಿಪಿಟಿ 42, ಪ್ಲೇಟ್‌ಲೆಟ್ 2 ಲಕ್ಷ 10 ಸಾವಿರ, ಅಂದರೆ 210. ಕಾಗದದ ಮೇಲೆ ಮಾಡಿದೆ. 1.84 ಬಂತು. ವರದಿ ಸರಿಯಾಗಿಯೇ ಇದೆ.

ಆಮೇಲೆ ಸುಮ್ಮನೆ ಕುತೂಹಲಕ್ಕೆ 66ರ ಬದಲು 36 ಎಂದು ಬರೆದು ಮಾಡಿದೆ. ಬಂದದ್ದು 1.01! ಅದೇ ರಕ್ತ, ಅದೇ ಯಕೃತ್ತು, ವಯಸ್ಸೊಂದು ಬೇರೆ. 1.3ಕ್ಕಿಂತ ಕಡಿಮೆಯಿದ್ದರೆ ನಾರು ಹೆಚ್ಚಿರುವ ಸಂಭವ ಕಡಿಮೆ, 2.67ಕ್ಕಿಂತ ಹೆಚ್ಚಿದ್ದರೆ ಸಂಭವ ಹೆಚ್ಚು, ನಡುವೆ ಇದ್ದರೆ ಮುಂದಿನ ಪರೀಕ್ಷೆ ಬೇಕು ಎಂಬುದು ನಿಯಮ. ವಯಸ್ಸಾದಂತೆ ಈ ಅಂಕಿ ತಾನಾಗಿಯೇ ಏರುವುದರಿಂದ, 65 ದಾಟಿದವರಿಗೆ ಕೆಳಗಿನ ಗಡಿಯನ್ನು 2.0 ಎಂದು ಇಟ್ಟುಕೊಳ್ಳಬೇಕೆಂದು 2017ರ ಒಂದು ಅಧ್ಯಯನ ಸೂಚಿಸಿತು. ಆ ಗಡಿಯ ಪ್ರಕಾರ ನಾನು ಮಧ್ಯದ ವಲಯದಲ್ಲಿಯೇ ಇಲ್ಲ! ನನ್ನ ವರದಿಯನ್ನು ಅಚ್ಚುಹಾಕಿದ ಯಂತ್ರಕ್ಕೆ ಗೊತ್ತಿದ್ದದ್ದು ಎಲ್ಲರಿಗೂ ಒಂದೇ ಗಡಿ.

ಇದರಿಂದ ಹಿಗ್ಗಿ ಸುಮ್ಮನಾಗಲಿಲ್ಲ. ವೈದ್ಯೆಯಾಗಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳನ್ನು ಕೇಳಿದೆ. ಅವಳು ನಕ್ಕು, "ಸರ್, ಹಲ್ಮಿಡಿ ಶಾಸನದ ಪಾಠ ಮಾಡುವಾಗ ನೀವು ಏನು ಹೇಳಿದ್ದಿರಿ, ನೆನಪಿದೆಯೇ?" ಎಂದಳು. ನೆನಪಿತ್ತು. ಹಲ್ಮಿಡಿಯ ಕಲ್ಲಿನ ಮೇಲೆ ಕಾಲವನ್ನು ಬರೆದಿಲ್ಲ. ಲಿಪಿ, ಭಾಷೆ, ಅದರಲ್ಲಿ ಬರುವ ಅರಸರ ಹೆಸರು, ಇವನ್ನೆಲ್ಲ ಕೂಡಿಸಿ ಸುಮಾರು ಕ್ರಿ.ಶ. 450 ಎಂದು ಹೇಳುತ್ತೇವೆ. "ಒಂದೇ ಸಾಕ್ಷಿಯ ಮೇಲೆ ಇತಿಹಾಸ ಬರೆಯಬಾರದು, 'ಸುಮಾರು' ಎಂಬ ಪದಕ್ಕೆ ನಾಚಬಾರದು ಎಂದು ಹೇಳುತ್ತಿದ್ದಿರಿ. ನಮ್ಮ ಕೆಲಸವೂ ಅದೇ ಸರ್. ಇನ್ನೊಂದು ಪರೀಕ್ಷೆ ಮಾಡಿಸಿ" ಎಂದಳು. ಕಲಿಸಿದ ಪಾಠ ಮೂವತ್ತು ವರ್ಷಗಳ ನಂತರ ಬಡ್ಡಿ ಸಮೇತ ಹಿಂದಿರುಗಿತು.

ಆ ಇನ್ನೊಂದು ಪರೀಕ್ಷೆ ಫೈಬ್ರೋಸ್ಕ್ಯಾನ್. 2003ರಲ್ಲಿ ಫ್ರಾನ್ಸಿನವರು ವಿವರಿಸಿದ ವಿಧಾನ ಇದು. ಪಕ್ಕೆಲುಬಿನ ಸಂದಿಯಲ್ಲಿ ಸಣ್ಣದೊಂದು ತಟ್ಟು ಕೊಟ್ಟು, ಆ ಅಲೆಯು ಯಕೃತ್ತಿನಲ್ಲಿ ಎಷ್ಟು ವೇಗವಾಗಿ ಸಾಗುತ್ತದೆಂದು ಅಳೆಯುತ್ತಾರೆ. ಗಟ್ಟಿಯಾದಷ್ಟೂ ವೇಗ ಹೆಚ್ಚು. ಮಾಗಿದ ಹಣ್ಣನ್ನೂ ಕಾಯನ್ನೂ ಬೆರಳಿನಿಂದ ತಟ್ಟಿ ತಿಳಿಯುವ ಬುದ್ಧಿಯೇ ಇದು. ನನಗೆ 9.1 ಬಂತು. 8ಕ್ಕಿಂತ ಕಡಿಮೆಯಿದ್ದರೆ ಬಹುಮಟ್ಟಿಗೆ ನಿಶ್ಚಿಂತೆ. ಮತ್ತೆ ಮಧ್ಯದ ವಲಯ! ಮನೆಗೆ ಬಂದು ಪರೀಕ್ಷೆಯ ಚೀಟಿಯನ್ನು ತಿರುಗಿಸಿ ನೋಡಿದರೆ, ಕನಿಷ್ಠ ಮೂರು ಗಂಟೆ ಏನನ್ನೂ ತಿನ್ನದೆ ಬರಬೇಕೆಂದು ಅಚ್ಚಾಗಿತ್ತು. ನಾನು ಎರಡು ಸೌಟು ಉಪ್ಪಿಟ್ಟು ತಿಂದು, ಕಾಫಿ ಕುಡಿದು ಹೋಗಿದ್ದೆ. ಊಟದ ನಂತರ ಯಕೃತ್ತಿಗೆ ರಕ್ತದ ಹರಿವು ಹೆಚ್ಚಿ ಅಂಕಿ ಏರುತ್ತದೆಯಂತೆ. "ಪ್ರಶ್ನೆಪತ್ರಿಕೆಯನ್ನು ಎರಡು ಸಲ ಓದಿ" ಎಂದು ನಿಮಗೆಲ್ಲ ಪ್ರತಿ ಪರೀಕ್ಷೆಯಲ್ಲಿ ಹೇಳಿದವನು ನಾನೇ! ಮೂರು ವಾರದ ನಂತರ ಖಾಲಿ ಹೊಟ್ಟೆಯಲ್ಲಿ ಹೋದಾಗ 7.2 ಬಂತು.

ಹಾಗಾದರೆ ನಾನು ಗೆದ್ದೆನೇ? ಇಲ್ಲ. ಯಕೃತ್ತಿನಲ್ಲಿ ಕೊಬ್ಬಿದೆ, ನಾರು ಹೆಚ್ಚಿರುವ ಸಂಭವ ಕಡಿಮೆ, ವರ್ಷ ಬಿಟ್ಟು ಮತ್ತೆ ನೋಡಬೇಕು. ವೈದ್ಯರು ಹೇಳಿದ್ದು ಇಷ್ಟೇ. ಇದು ಪೂರ್ಣವಿರಾಮವಲ್ಲ, ಅಲ್ಪವಿರಾಮ. ಇದರೊಂದಿಗೆ ಬದುಕುವುದನ್ನು ಕಲಿಯಲು ನನಗೆ ಕೆಲವು ತಿಂಗಳುಗಳು ಬೇಕಾದವು. ಮೊದಮೊದಲು ದಿನವೂ ಕನ್ನಡಿಯಲ್ಲಿ ಕಣ್ಣಿನ ಬಿಳಿಭಾಗ ಹಳದಿಯಾಗಿದೆಯೇ ಎಂದು ನೋಡಿಕೊಳ್ಳುತ್ತಿದ್ದೆ. ನನ್ನ ಶ್ರೀಮತಿ ಒಂದು ದಿನ ಆ ಕನ್ನಡಿಯನ್ನೇ ತೆಗೆದು ಒಳಗಿಟ್ಟಳು. ಅಲ್ಲಿಂದ ವರದಿಗಳೆಲ್ಲ ಒಂದು ಫೈಲು ಸೇರಿದವು. ವೈದ್ಯರು ಹೇಳಿದ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತಿಸಿದೆ. ಆ ದಿನದವರೆಗೆ ಫೈಲನ್ನು ತೆಗೆಯುವುದಿಲ್ಲವೆಂದು ಅವಳಿಗೆ ಮಾತು ಕೊಟ್ಟಿದ್ದೇನೆ.

ಪರೀಕ್ಷೆಗಳು ಅನಿಶ್ಚಿತವಾದರೂ ಮಾಡಬೇಕಾದ ಕೆಲಸ ಅನಿಶ್ಚಿತವಲ್ಲ ಎಂಬುದೇ ನನಗೆ ದೊಡ್ಡ ಸಮಾಧಾನ ತಂದಿತು. ಕ್ಯೂಬಾದ ಹವಾನಾದಲ್ಲಿ 293 ರೋಗಿಗಳನ್ನು ಒಂದು ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೇಹದ ತೂಕವನ್ನು ಶೇಕಡಾ 10ರಷ್ಟು ಅಥವಾ ಅದಕ್ಕಿಂತ ಹೆಚ್ಚು ಇಳಿಸಿಕೊಂಡವರ ಪೈಕಿ ಶೇಕಡಾ 90 ಜನರಲ್ಲಿ ಯಕೃತ್ತಿನ ಉರಿಯೂತ ಮಾಯವಾಗಿತ್ತು, ಶೇಕಡಾ 45 ಜನರಲ್ಲಿ ನಾರೂ ಕಡಿಮೆಯಾಗಿತ್ತು. ಅಂಕಿ 1.84 ಇರಲಿ, 1.01 ಇರಲಿ, ನಡೆಯಬೇಕಾದ ದಾರಿ ಒಂದೇ. ನಾನು ಬೆಳಿಗ್ಗೆ ಕೆರೆ ಏರಿಯ ಮೇಲೆ ಮುಕ್ಕಾಲು ಗಂಟೆ ನಡೆಯುತ್ತೇನೆ. ರಾತ್ರಿ ಅನ್ನ ಕಡಿಮೆ, ಕಾಫಿಗೆ ಸಕ್ಕರೆ ಇಲ್ಲ. 78 ಕಿಲೋ ಇದ್ದವನು 73ಕ್ಕೆ ಇಳಿದಿದ್ದೇನೆ.

ಅಣ್ಣನ ಕಾಲಕ್ಕೂ ಇಂದಿಗೂ ಬಹಳ ಅಂತರವಿದೆ. ಭಾರತ ಸರ್ಕಾರವು 2021ರ ಫೆಬ್ರವರಿಯಲ್ಲಿ ಈ ಕಾಯಿಲೆಯನ್ನು ಸಕ್ಕರೆ ಕಾಯಿಲೆ, ಹೃದ್ರೋಗ, ಕ್ಯಾನ್ಸರುಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು. 2024ರ ಮಾರ್ಚಿಯಲ್ಲಿ ಅಮೆರಿಕದಲ್ಲಿ ಇದಕ್ಕೆಂದೇ ಮೊದಲ ಔಷಧಿಗೆ ಅನುಮತಿ ದೊರೆಯಿತು. ನನ್ನನ್ನು ಹೆಚ್ಚು ತಟ್ಟಿದ್ದು ಬೇರೊಂದು ಸಂಗತಿ. 2023ರಲ್ಲಿ 56 ದೇಶಗಳ 236 ತಜ್ಞರು ಮತ್ತು ರೋಗಿಗಳ ಪ್ರತಿನಿಧಿಗಳು ಸಮಾಲೋಚಿಸಿ ಈ ಕಾಯಿಲೆಯ ಹೆಸರನ್ನೇ ಬದಲಿಸಿದರು. ಹೊಸ ಹೆಸರಿನಲ್ಲಿ ಮದ್ಯ ಎಂಬ ಮಾತೂ ಇಲ್ಲ, "ಫ್ಯಾಟಿ" ಎಂಬ ಮಾತೂ ಇಲ್ಲ. ದೇಹದ ಚಯಾಪಚಯದ ಏರುಪೇರಿಗೆ ಸಂಬಂಧಿಸಿದ್ದು ಎಂದಿದೆ. ಹಳೆಯ ಹೆಸರು ರೋಗಿಗೆ ಅವಮಾನ ತರುತ್ತದೆಂಬುದೂ ಆ ಬದಲಾವಣೆಗೆ ಒಂದು ಕಾರಣ. ಇದನ್ನು ಓದಿದ ದಿನ ನಾನು ಅತ್ತಿಗೆಯ ಮನೆಗೆ ಹೋದೆ.

ಅತ್ತಿಗೆಗೆ ಈಗ ಎಂಬತ್ತರ ಹತ್ತಿರ. ಬೀರುವಿನ ವಿಷಯವನ್ನು ಮೊದಲು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಿತ್ತು. ಬಟ್ಟೆಗಳ ಮಡಿಕೆ ಕೆಟ್ಟಿತ್ತು. ನಿಮ್ಮಣ್ಣನಿಗೆ ಹೇಳಲಿಲ್ಲ" ಎಂದರು. ಆಮೇಲೆ ನಾನು ತಿಳಿದುಕೊಂಡದ್ದನ್ನೆಲ್ಲ ನಿಧಾನವಾಗಿ ವಿವರಿಸಿದೆ. ಎಲ್ಲವನ್ನೂ ಕೇಳಿ, "ಇದನ್ನು ಬರೆಯಿರಿ. ಮಕ್ಕಳು ಓದಲಿ" ಎಂದರು. ಅದಕ್ಕಾಗಿ ಬರೆದಿದ್ದೇನೆ.

ನಮ್ಮ ಕುಟುಂಬದಲ್ಲಿ ಸಕ್ಕರೆ ಕಾಯಿಲೆ ಇರುವವರು, ಹೊಟ್ಟೆ ಬೆಳೆಸಿಕೊಂಡಿರುವವರು ದಯವಿಟ್ಟು ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ. ಉತ್ತರ ಸ್ಪಷ್ಟವಾಗದಿದ್ದರೆ ನನ್ನ ಹಾಗೆ ಊಟ ಬಿಡಬೇಡಿ. ಚೀಟಿಯ ಹಿಂಬದಿಯನ್ನು ಓದಿ, ವೈದ್ಯರನ್ನು ಕೇಳಿ, ಎರಡನೆಯ ಪರೀಕ್ಷೆಗೆ ಹೋಗಿ. ನನ್ನ ಮುಂದಿನ ಪರೀಕ್ಷೆಯ ಫಲಿತಾಂಶವನ್ನೂ, ಅದು ಏನೇ ಇರಲಿ, ನಿಮಗೆ ತಿಳಿಸುತ್ತೇನೆ.

ಎಲ್ಲರಿಗೂ ಶುಭವಾಗಲಿ.

ನಿಮ್ಮ ಮೇಷ್ಟ್ರು